ಪ್ರಸ್ಥಾನಕ್ಕಿಟ್ಟ ಸೈಕಲ್ಲು

ಇವತ್ತು ಎದ್ದ ಮೇಲೆ ಮಾಡಿದ ಕೆಲಸಗಳು ಇಷ್ಟು. ಒಲೆಯ ಬೂದಿ ತೆಗೆದು ಹಿತ್ತಲಿಗೆ ಹಾಕಿದೆ. ನಲ್ಲಿ ನಿಲ್ಲುವುದರೊಳಗೆ ಹಂಡೆಯನ್ನೂ ಕೊಡಗಳನ್ನೂ ತುಂಬಿಕೊಂಡೆ. ಮಂಡಿನೋವಿನ ನನ್ನ ಹೆಂಡತಿಗೆ ಎಣ್ಣೆ ಬಿಸಿಮಾಡಿ ಕೊಟ್ಟೆ. ಅವಳು ಕೂತಲ್ಲಿಂದಲೇ ಹೇಳಿದ ಹಾಗೆ ಹುರುಳಿ ನೆನೆಹಾಕಿದೆ. ಹೇಳಿದ್ದಕ್ಕಿಂತ ಒಂದು ಹಿಡಿ ಜಾಸ್ತಿಯಾಯಿತೆಂದು ಬೈಸಿಕೊಂಡೆ. ಅಂಗಿಗೆ ಗುಂಡಿ ಹೊಲಿದೆ. ಮಗ್ಗದ ಹತ್ತಿರ ಕಡಿದಿದ್ದ ಎಳೆಗಳನ್ನು ಗಂಟು ಹಾಕುತ್ತಾ ಕೂತಿದ್ದಾಗ ಪಕ್ಕದ ಮನೆಯ ಶಾರದಮ್ಮ ಒಂದು ಕೈಚೀಲ ಹಿಡಿದು ಬಂದರು.

ಬುಧವಾರ ಮನೆಮಂದಿಯೆಲ್ಲ ತಿರುಪತಿಗೆ ಹೊರಡುತ್ತಾರಂತೆ. ಆ ದಿನ ಯಾಕೋ ಅವರಿಗೆ ಆಗಿಬರುವುದಿಲ್ಲವಂತೆ. ಇವತ್ತು ಒಳ್ಳೆಯ ದಿನ, ಆದ್ದರಿಂದ ಚೀಲ ನಮ್ಮ ಮನೆಯಲ್ಲಿ ಪ್ರಸ್ಥಾನಕ್ಕೆ ಇಟ್ಟಿರುತ್ತಾರಂತೆ. ನಾನು ಪಡಸಾಲೆಯ ಮೂಲೆ ತೋರಿಸಿದೆ. ಅವರು ಇಟ್ಟು, ಕೈಮುಗಿದು ಹೋದರು. ಚೀಲದೊಳಗೆ ಚಕ್ಕುಲಿಯ ವಾಸನೆ ಇತ್ತು. ನನ್ನ ಬಾಯಿ ಮಾತ್ರ ಕಹಿಯಾಯಿತು.

ಈ ಪದ್ಧತಿ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಊರಿಗೆ ಹೊರಡಬೇಕಾದ ದಿನ ಕೆಟ್ಟದ್ದಾಗಿದ್ದರೆ, ಅದಕ್ಕೆ ಮುಂಚೆ ಬರುವ ಒಳ್ಳೆಯ ದಿನದಲ್ಲಿ ನಿಮ್ಮ ಗಂಟನ್ನು ಇನ್ನೊಬ್ಬರ ಮನೆಗೆ ಸಾಗಿಸಿಬಿಡುವುದು. ಗಂಟು ಹೊರಟಿತೆಂದರೆ ನೀವೂ ಹೊರಟ ಹಾಗೆ. ಆಮೇಲೆ ಯಾವ ಕೆಟ್ಟ ದಿನ ಹೊರಟರೂ ಬಾಧಕವಿಲ್ಲ. ಪಂಚಾಂಗದ ಕಣ್ಣಿಗೆ ಮಣ್ಣೆರಚುವ ಉಪಾಯ. ಆದರೆ ಒಂದು ಕಟ್ಟುಪಾಡಿದೆ. ಹಾಗೆ ಹೊರಟ ವಸ್ತು ಯಾತ್ರೆ ಮುಗಿಸದೆ ಮನೆಗೆ ವಾಪಸು ಬರಕೂಡದು. ಈ ಕಟ್ಟುಪಾಡಿಗೆ ಸಿಕ್ಕಿಯೇ ನನ್ನ ಸೈಕಲ್ಲು ಸಮುದ್ರ ನೋಡಿತು, ನಾನು ನೋಡಲಿಲ್ಲ.

ಸಮುದ್ರದ ಹುಚ್ಚು ಹತ್ತಿಸಿದವರು ನಮ್ಮ ಮೇಷ್ಟರು. ದೊಡ್ಡಬಳ್ಳಾಪುರದ ಶಾಲೆಯಲ್ಲಿ ನಕಾಶೆ ಹರಿದುಹೋಗಿತ್ತಾದ್ದರಿಂದ ಅವರು ಕರಿಹಲಗೆಯ ಮೇಲೇ ನದಿ ಹರಿಸುತ್ತಿದ್ದರು. ಒಂದು ಮೂಲೆಯಲ್ಲಿ ನಂದಿಬೆಟ್ಟವೆಂದು ಒಂದು ಗುಡ್ಡ ಬರೆದು, ಅಲ್ಲಿಂದ ಸೀಮೆಸುಣ್ಣ ಎತ್ತದೆ ಹಲಗೆಯ ಇನ್ನೊಂದು ತುದಿಯವರೆಗೂ ಎಳೆದು, ‘ಇದು ಪಾಲಾರು. ನಮ್ಮ ಬೆಟ್ಟದಲ್ಲಿ ಹುಟ್ಟಿ, ಕೋಲಾರ ದಾಟಿ, ಕಂಚಿಯ ಮಗ್ಗುಲಲ್ಲಿ ಹಾದು ಸಮುದ್ರ ಸೇರುತ್ತೆ’ ಎಂದಿದ್ದರು. ಆ ಗೆರೆ ಹಲಗೆಯ ಚೌಕಟ್ಟನ್ನೂ ದಾಟಿ ಗೋಡೆಯ ಮೇಲೆ ಒಂದು ಗೇಣು ಹೋಗಿತ್ತು. ಆ ಗೋಡೆಯ ಭಾಗವೇ ನನ್ನ ಪಾಲಿಗೆ ಸಮುದ್ರ. ಸುಣ್ಣ ಉದುರಿ ಒಳಗಿನ ಕೆಮ್ಮಣ್ಣು ಕಾಣುತ್ತಿತ್ತು.

ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವನು ಬಷೀರ. ಅವರ ಮನೆಯವರದು ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಬಷೀರ ಆ ಗೆರೆಯನ್ನೇ ನೋಡುತ್ತಾ, ಈ ನೀರು ಟಿಕೀಟಿಲ್ಲದೆ ಅಷ್ಟು ದೂರ ಹೋಗುತ್ತದಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದ. ಇಬ್ಬರೂ ನಕ್ಕೆವು, ಶಿಕ್ಷೆಗೆ ಇಬ್ಬರೂ ಬೆಂಚಿನ ಮೇಲೆ ನಿಂತೆವು. ನಿಂತಾಗ ಗೆರೆ ಇನ್ನೂ ಚೆನ್ನಾಗಿ ಕಂಡಿತು.

ಶಾಲೆ ಮುಗಿದ ಮೇಲೆ ಅವನು ಅಂಗಡಿಗೆ ಹೋದ, ನಾನು ಅಪ್ಪನ ಮಗ್ಗಕ್ಕೆ. ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ನಮ್ಮದು. ಬೆಳಗಿನಿಂದ ಸಂಜೆಯವರೆಗೆ ಕಾಲು ತುಳಿಯುತ್ತಲೇ ಇರುತ್ತದೆ, ಮನುಷ್ಯ ಮಾತ್ರ ಇದ್ದಲ್ಲೇ. ಅಷ್ಟು ತುಳಿತವನ್ನು ಪೆಡಲಿನ ಮೇಲೆ ತುಳಿದಿದ್ದರೆ ಎಲ್ಲಿಗೆ ಹೋಗಿರುತ್ತಿದ್ದೆ ಎಂದು ಲೆಕ್ಕ ಹಾಕುವುದು ಆಗಿನಿಂದ ಈಗಿನವರೆಗೂ ನನಗಿರುವ ಕೆಟ್ಟ ಅಭ್ಯಾಸ.

ಯುದ್ಧ ಮುಗಿದು, ಮಿಲಿಟರಿಯವರ ಹಳೆಯ ಸಾಮಾನು ಹರಾಜಿಗೆ ಬರುತ್ತಿದ್ದ ಕಾಲ. ಬಷೀರ ಎಲ್ಲಿಂದಲೋ ಒಂದು ಹಸಿರು ಬಣ್ಣದ ಸೈಕಲ್ಲಿನ ಚೌಕಟ್ಟು ತಂದ. ಅಂಗಡಿಯ ಮೂಲೆಯಲ್ಲಿದ್ದ ಚಕ್ರ, ಸರಪಳಿ, ಬ್ರೇಕುಗಳನ್ನು ಜೋಡಿಸುತ್ತಾ ಇಬ್ಬರೂ ಅದನ್ನು ಸೈಕಲ್ಲು ಮಾಡಿದೆವು. ಬಷೀರನಿಗೆ ಅಂಗಡಿಯದೇ ಒಂದು ಸೈಕಲ್ಲಿತ್ತು, ಇದು ನನ್ನದು. ಅದು ಎಮ್ಮೆಯ ಹಾಗೆ ಭಾರ. ಹತ್ತುವಾಗ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಿತ್ತು. ಅದರ ಮೇಲೆ ಘಾಟಿ ಸುಬ್ರಹ್ಮಣ್ಯದ ಏರು ಹತ್ತಿ ಇಳಿದು ಅಭ್ಯಾಸ ಮಾಡಿದೆ. ಖಾಕಿ ಚಡ್ಡಿ ಹೊಲಿಸಿಕೊಂಡೆ. ಆ ಚಡ್ಡಿಯಲ್ಲಿ ಮೊದಲ ದಿನ ಬೀದಿಗೆ ಬಂದಾಗ ಹೆಂಗಸರು ಬಾಗಿಲ ಮರೆಗೆ ಹೋಗಿ ನಕ್ಕರು. ಕಾಲು ನೂಲು ಸುತ್ತುವ ಕಡ್ಡಿಯ ಹಾಗಿದೆ ಎಂದು ಒಬ್ಬರು ಅಂದದ್ದು ನನಗೂ ಕೇಳಿಸಿತು. ನನಗೇನೂ ಅನ್ನಿಸಲಿಲ್ಲ. ಸಮುದ್ರಕ್ಕೆ ಹೋಗುವವನಿಗೆ ಏನು ಅನ್ನಿಸುತ್ತದೆ.

ಅಪ್ಪ ಒಪ್ಪಿದ್ದೇ ದೊಡ್ಡದು. ಒಂದು ಸಲ ಹೋಗಿಬಂದುಬಿಡು, ಆಮೇಲೆ ಮದುವೆಯ ಸೀರೆಗಳ ಕೆಲಸ ಹಿಡಿದರೆ ನಿನಗೆ ಮಗ್ಗ ಬಿಟ್ಟು ಏಳುವುದಕ್ಕೆ ಆಗುವುದಿಲ್ಲ ಎಂದಿದ್ದರು. ‘ಒಂದು ಸಲ’ ಎನ್ನುವುದನ್ನು ಅವರು ಒತ್ತಿ ಹೇಳಿದ್ದರು. ನಂದಿಬೆಟ್ಟದ ಬುಡದಿಂದ ಹೊರಟು, ದೇವನಹಳ್ಳಿ, ಸೂಲಿಬೆಲೆ, ಹೊಸಕೋಟೆ, ಕೋಲಾರ, ಆಮೇಲೆ ಘಟ್ಟ ಇಳಿದು, ಮೇಷ್ಟರ ಗೆರೆ ಹಿಡಿದು ಸಮುದ್ರದವರೆಗೆ. ಬರುವಾಗ ರೈಲು. ಬಷೀರನ ಅಣ್ಣ ಅವನಿಗೆ ಸೋಮವಾರದಿಂದ ಅಂಗಡಿಯ ಬಿಡುವು ಕೊಟ್ಟಿದ್ದ. ಆದ್ದರಿಂದ ಸೋಮವಾರ ಹೊರಡುವುದೆಂದಾಯಿತು.

ಆಗ ನಮ್ಮ ಮನೆಯಲ್ಲೇ ಇದ್ದ, ಅಪ್ಪನ ಅಕ್ಕ, ನನ್ನ ಸೋದರತ್ತೆ ಲಕ್ಷ್ಮತ್ತೆ ಬಾಯಿ ಬಿಟ್ಟರು. ಸೋಮವಾರ ಮೂಡಲ ದಿಕ್ಕಿಗೆ ಶೂಲ. ಹೋಗುವವನು ಆ ಶೂಲಕ್ಕೆ ಎದೆಗೊಟ್ಟು ಹೋದ ಹಾಗೆ. ಬೇಕಾದರೆ ಶುಕ್ರವಾರವೇ ಪ್ರಸ್ಥಾನ ಇಡಲಿ ಎಂದರು. ಒಂದು ಗಂಟು ಇಟ್ಟರೆ ಮುಗಿಯುವ ತಾಪತ್ರಯ ಅಂದುಕೊಂಡು ನಾನೂ ಹೂಂ ಅಂದೆ. ನನ್ನ ಬದುಕಿನಲ್ಲಿ ನಾನು ಅಂದ ಹೂಂಗಳಲ್ಲಿ ಅದು ತೀರಾ ಅಗ್ಗದ್ದು, ತೀರಾ ದುಬಾರಿಯದ್ದು.

ಗಂಟು ಎಲ್ಲಿಡುವುದು? ಹೊರಡುವ ದಿಕ್ಕಿಗಿರುವ ಮನೆಯಾದರೆ ಒಳ್ಳೆಯದು. ನಮ್ಮ ಗೌರಕ್ಕನನ್ನು ಕೊಟ್ಟ ಮನೆ ಊರಿನ ಮೂಡಲ ಅಂಚಿನಲ್ಲೇ ಇತ್ತು. ಭಾವ ಮರಿಯಪ್ಪ ಅವತ್ತು ನಮ್ಮಲ್ಲೇ ಕಾಫಿ ಕುಡಿಯುತ್ತಿದ್ದರು. ಒಳ್ಳೆಯ ಮಾತುಗಾರ, ಊಟಗಾರ. ಸೌದೆ ಡಿಪೋ ಶುರುಮಾಡಿ ಬಿಟ್ಟವರು, ಅಕ್ಕಿ ಗಿರಣಿಯ ಕೆಲಸ ಹಿಡಿದು ಬಿಟ್ಟವರು, ಜಾತಕ ಬರೆಯುವುದನ್ನು ಕಲಿಯಲು ಹೋಗಿ ರಾಶಿಗಳ ಅರ್ಧಕ್ಕೇ ವಾಪಸಾದವರು. ಹಿಡಿದದ್ದನ್ನು ಮುಗಿಸದವನೆಂದು ಅವರ ತಾಯಿಯೇ ಬೀದಿಯಲ್ಲಿ ಹೇಳುತ್ತಿದ್ದರು. ಅದನ್ನು ಕೇಳಿಕೊಂಡು ಬಾಳಬೇಕಾದವಳು ನನ್ನಕ್ಕ. ಭಾವ ಲೋಟ ಕೆಳಗಿಟ್ಟು, ಗಂಟು ಯಾಕೆ, ಹೋಗುವುದು ಗಾಡಿಯಲ್ಲವೇ, ಗಾಡಿಯನ್ನೇ ಇಡೋಣ, ನಮ್ಮ ಪಡಸಾಲೆಯಲ್ಲಿ ಬೇಕಾದಷ್ಟು ಜಾಗವಿದೆ ಎಂದರು. ಎಲ್ಲರಿಗೂ ಅದು ಬಹಳ ಸರಿಯಾದ ಮಾತಾಗಿ ಕಂಡಿತು. ಶುಕ್ರವಾರ ಬೆಳಗ್ಗೆ ಸೈಕಲ್ಲಿಗೆ ಅರಿಶಿನ ಕುಂಕುಮವಿಟ್ಟು, ಕ್ಯಾರಿಯರಿಗೆ ನನ್ನ ಗಂಟು ಬಿಗಿದು, ತಳ್ಳಿಕೊಂಡು ಹೋಗಿ ಅವರ ಪಡಸಾಲೆಯಲ್ಲಿ ನಿಲ್ಲಿಸಿಬಂದೆ.

ಶನಿವಾರ ಸೂಲಿಬೆಲೆಯಿಂದ ಒಬ್ಬ ಆಳು ಬಂದ. ಜಗುಲಿ ಹತ್ತಲಿಲ್ಲ. ಬೀದಿಯಲ್ಲೇ ನಿಂತು, ಮುನಿಶಾಮಪ್ಪನವರು ತೀರಿಕೊಂಡರು ಎಂದು ಹೇಳಿ ಹೊರಟುಹೋದ.

ಮುನಿಶಾಮಪ್ಪ ಅಪ್ಪನ ದಾಯಾದಿ, ನನ್ನ ಚಿಕ್ಕತಾತನ ಮಗ. ನಾನು ಅವರ ಮುಖವನ್ನೇ ನೋಡಿದವನಲ್ಲ. ಮನೆ ಪಾಲಾದಾಗ ಒರಳುಕಲ್ಲು ಯಾರ ಕಡೆಗೆ ಎಂಬ ಜಗಳದಲ್ಲಿ ಮಾತು ಬಿಟ್ಟು ಊರನ್ನೂ ಬಿಟ್ಟವರು. ಒರಳು ನೆಲದಲ್ಲಿ ಹೂತಿದ್ದರಿಂದ ನಮ್ಮ ಪಾಲಿಗೇ ಉಳಿಯಿತು. ಅದರಲ್ಲಿ ರುಬ್ಬುವಾಗಲೆಲ್ಲ ಲಕ್ಷ್ಮತ್ತೆ ಅವರ ವಂಶವನ್ನೂ ಸೇರಿಸಿ ರುಬ್ಬುತ್ತಿದ್ದರು. ನಮ್ಮ ಕಡೆಯ ಮದುವೆಗೆ ಅವರಿಲ್ಲ, ಅವರ ಕಡೆಯ ನಾಮಕರಣಕ್ಕೆ ನಾವಿಲ್ಲ. ಬದುಕಿದ್ದಾಗ ಬೊಗಸೆ ನೀರು ಕೊಟ್ಟು ತೆಗೆದುಕೊಳ್ಳದವರು. ಸತ್ತ ಮೇಲೆ ಮಾತ್ರ ಸಂಬಂಧ ಗಟ್ಟಿಯಾಗಿಬಿಟ್ಟಿತು: ನಮಗೆಲ್ಲ ಹತ್ತು ದಿನ ಸೂತಕ. ಲಕ್ಷ್ಮತ್ತೆ ಆಗಲೇ ಸೆರಗು ಕಟ್ಟಿ ತಲೆಗೆ ನೀರು ಹುಯ್ಯಲು ಕೊಡ ಎತ್ತಿದ್ದರು. ಮಗ್ಗ ನಿಂತಿತು. ಅಪ್ಪ ಲಾಳಿಯನ್ನು ನೇಯ್ಗೆಯ ಮೇಲೆ ಇಟ್ಟು ನನ್ನ ಕಡೆ ನೋಡಿದರು.

ಸುದ್ದಿ ತಿಳಿದು ಬಷೀರ ಓಡಿಬಂದ. ಜಗುಲಿಯ ಕೆಳಗೆ ನಿಂತು ಲಕ್ಷ್ಮತ್ತೆಯ ಜೊತೆಗೇ ವಾದಕ್ಕಿಳಿದ.

“ನಾವು ದೇವಸ್ಥಾನಕ್ಕೆ ಹೋಗ್ತಾ ಇಲ್ವಲ್ಲ ಅಮ್ಮಾ. ಸೈಕಲ್ ತುಳಿಯೋಕೆ ಮೈಲಿಗೆ ಏನು?”

“ಸುಮ್ನೆ ಹೊರಟಿದ್ರೆ ಅದು ತಿರುಗಾಟ ಕಣಪ್ಪ. ಪರಸ್ತಾನ ಇಟ್ಟ ಮೇಲೆ ಯಾತ್ರೆ ಆಯ್ತು. ಸೂತಕದಾಗೆ ಯಾತ್ರೆ ಹೋಗ್ತಾರಾ?”

“ಹಂಗಾದ್ರೆ ಸೂತಕ ಕಳೆದ ಮೇಲೆ ಹೋಗ್ತೀವಿ. ನಾನು ಅಣ್ಣನ ಕೈಕಾಲು ಹಿಡ್ಕೊಂತೀನಿ.”

“ಪರಸ್ತಾನ ಅಷ್ಟು ದಿನ ನಿಲ್ಲಲ್ಲ.”

“ಹಂಗಾದ್ರೆ ಸೈಕಲ್ ವಾಪಸ್ ತರ್ಲಿ ಬಿಡಿ, ಹೊಸದಾಗಿ ಇಡಿ.”

“ಹೊರಟಿದ್ದು ಹಿಂದಕ್ಕೆ ಬಂದ್ರೆ ಮನೆಗಾಗಲ್ಲ. ಅದೂ ಸೂತಕದ ಮನೆಗೆ.”

ಲಕ್ಷ್ಮತ್ತೆಗೆ ನನ್ನ ಮೇಲೆ ದ್ವೇಷವಿರಲಿಲ್ಲ. ನಾನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರು. ಪಾಪ, ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಆದರೆ ಅವರು ಹಾಕಿದ ಅಗುಳಿ ಒಂದೂ ಸಡಿಲವಿರಲಿಲ್ಲ. ನಾನು ಹೋಗುವಂತಿಲ್ಲ, ಸೈಕಲ್ಲು ಕಾಯುವಂತಿಲ್ಲ, ಹಿಂದೆ ಬರುವಂತೆಯೂ ಇಲ್ಲ. ಅಷ್ಟೇ ಅಲ್ಲ, ಸುದ್ದಿ ಬರುವ ಮುಂಚೆಯೇ ಮನೆ ಬಿಟ್ಟಿದ್ದರಿಂದ ಸೈಕಲ್ಲಿಗೆ ಸೂತಕವಿರಲಿಲ್ಲ, ನನಗಿತ್ತು. ನಾನು ಅದನ್ನು ಮುಟ್ಟುವ ಹಾಗೂ ಇರಲಿಲ್ಲ. ಆ ಕಬ್ಬಿಣದ ಎಮ್ಮೆ ನನಗಿಂತ ಮಡಿಯಾಗಿತ್ತು.

ಇಷ್ಟಾಗುವಾಗ ಭಾವ ಬೀದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಗಂಟಲು ಸರಿಮಾಡಿಕೊಂಡು ಅಂದರು: “ನೋಡಿ ಅತ್ತೆ, ನನಗೇನು ಇದರ ಆಸೆ ಇಲ್ಲ. ಗಾಡಿ ನಮ್ಮನೇಲಿ ಕೂತ್ಬಿಟ್ಟಿದೆ, ನನಗೆ ಸೂತಕ ತಟ್ಟಲ್ಲ. ಮನೆ ಅಳಿಯ ಇಂಥ ಹೊತ್ನಾಗೆ ಆಗ್ದೆ ಇನ್ಯಾವಾಗ ಆಗೋದು. ನಾನೇ ಹೋಗ್ಬರ್ತೀನಿ.”

ತ್ಯಾಗವೆಂದರೆ ಹಾಗಿರಬೇಕು. ಅವರು ಹಿಂದಿನ ಸಂಜೆಯೇ ಪಡಸಾಲೆಯಿಂದ ಸೈಕಲ್ಲು ಇಳಿಸಿ, ಜಗುಲಿಯ ಕಲ್ಲಿನ ಮೇಲೆ ಕಾಲಿಟ್ಟು ಹತ್ತಿ, ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ ಬಂದಿದ್ದರೆಂದು ಆಮೇಲೆ ಗೊತ್ತಾಯಿತು.

ಬಷೀರ ನನ್ನನ್ನು ನೋಡಿದ. “ಲೇ ನಂಜ, ನೀನು ಬೇಡ ಅನ್ನು. ನಾನೂ ಹೋಗಲ್ಲ.”

ಬೇಡ ಅನ್ನುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಭಾವನ ಹಿಂದೆ ನಿಂತಿದ್ದ ಗೌರಕ್ಕ ಕಂಡಳು. ಬಹಳ ವರ್ಷದ ಮೇಲೆ ಗರ್ಭಿಣಿ. ಅವಳ ಮುಖದಲ್ಲಿ ಒಂದು ಆಸೆ ಬಂದು ಕೂತಿತ್ತು: ತನ್ನ ಗಂಡ ಒಂದಾದರೂ ಕೆಲಸವನ್ನು ಕೊನೆ ಮುಟ್ಟಿಸಿಬಂದಾರು, ಅವರ ತಾಯಿಯ ಬಾಯಿ ಒಂದು ಸಲವಾದರೂ ಮುಚ್ಚೀತು. “ಹೋಗ್ಬಾ” ಎಂದೆ ಬಷೀರನಿಗೆ. ಅವನು ತಿರುಗಿ ಹೋದ.

ಸೋಮವಾರ ಬೆಳಗ್ಗೆ ಅವರಿಬ್ಬರೂ ಹೊರಟಿದ್ದನ್ನು ನಾನು ನೋಡಲಿಲ್ಲ. ಕೇಳಿದೆ. ನನ್ನ ಚಡ್ಡಿ ಭಾವನ ತೊಡೆ ದಾಟಲಿಲ್ಲವಂತೆ, ಪಂಚೆಯ ಕಚ್ಚೆ ಹಾಕಿದರಂತೆ. ಬಷೀರ ಒಬ್ಬನೇ ನಂದಿಬೆಟ್ಟ ಹತ್ತಿ ಇಳಿದನಂತೆ. ಭಾವ ಬುಡದಲ್ಲಿ ಕೂತು ಬುತ್ತಿ ಬಿಚ್ಚಿದರಂತೆ. ಸೂಲಿಬೆಲೆಯಲ್ಲಿ ಸತ್ತವರ ಮನೆಯ ಮುಂದೆಯೇ ಹಾದು ಹೋದರಂತೆ. ಅಲ್ಲಿ ಭಾವ ಸೈಕಲ್ಲು ನಿಲ್ಲಿಸಿ, ನಮ್ಮ ಪರವಾಗಿ ದುಃಖ ಸೂಚಿಸಿ, ಒರಳುಕಲ್ಲಿನ ವಿಷಯವನ್ನೂ ಎತ್ತಿದರಂತೆ.

ಸೂತಕದ ಮನೆಯಲ್ಲಿ ಮಗ್ಗವಿಲ್ಲ, ಹೊರಗೆ ತಿರುಗುವಂತಿಲ್ಲ, ಒಗ್ಗರಣೆಯಿಲ್ಲ. ಹೊತ್ತು ಹೋಗಬೇಕಲ್ಲ, ಮಗ್ಗದ ಗುಂಡಿಯಲ್ಲಿ ಇಳಿದು ಸುಮ್ಮನೆ ಕೂರುತ್ತಿದ್ದೆ. ಲಾಳಿ ಮುಟ್ಟದೆ, ಕಾಲ ಕೆಳಗಿನ ತುಳಿಹಲಗೆಯನ್ನು ಮಾತ್ರ ತುಳಿಯುತ್ತಾ, ಈಗ ಕೋಲಾರ, ಈಗ ಮುಳಬಾಗಿಲು, ಈಗ ಘಟ್ಟದ ಇಳಿಜಾರು, ಪೆಡಲು ಬೇಕಾಗಿಲ್ಲ ಎಂದುಕೊಂಡು ಕಾಲು ಎತ್ತುತ್ತಿದ್ದೆ. ಇದನ್ನು ಕಂಡ ಅಪ್ಪ ಒಂದು ದಿನ, ಸಾಕು ಏಳಪ್ಪ ಎಂದರು. ಅಪ್ಪ ನನ್ನನ್ನು ‘ಅಪ್ಪ’ ಎಂದು ಕರೆದದ್ದು ಅಪರೂಪ.

ನೀವು ಕೇಳಬಹುದು, ಆಮೇಲಾದರೂ ಹೋಗಬಹುದಿತ್ತಲ್ಲ ಎಂದು. ಇಬ್ಬರೇ ಮತ್ತೊಮ್ಮೆ ಹೋಗೋಣವೆಂದು ಬಷೀರ ಎರಡು ಸಲ ಕೇಳಿದ. ಒಂದು ಸಲ ಮದುವೆಯ ಸೀರೆಗಳಿದ್ದವು, ಇನ್ನೊಂದು ಸಲ ನನ್ನದೇ ಮದುವೆ. ಮೂರನೆಯ ಸಲ ಕೇಳುವ ಮುಂಚೆ ಅವರ ಮನೆಯವರು ಅಂಗಡಿ ಎತ್ತಿ ಬೆಂಗಳೂರಿಗೆ ಹೋದರು. ಈಗ ಬಸ್ಸಿದೆ, ರೈಲಿದೆ, ರಾತ್ರಿ ಹತ್ತಿದರೆ ಬೆಳಗ್ಗೆ ಮದ್ರಾಸು. ನಾನು ಹತ್ತಿಲ್ಲ. ಮಕ್ಕಳು ಕರೆದಾಗ ಸೆಕೆ ಆಗುವುದಿಲ್ಲ ಅಂದಿದ್ದೇನೆ. ಅದು ಸೆಕೆಯಲ್ಲ, ಹಟ. ಯಾರ ಮೇಲೆ ಎಂದು ಕೇಳಬೇಡಿ. ಸತ್ತ ದಾಯಾದಿಯ ಮೇಲೋ, ನಮ್ಮನೆಯ ಒರಳುಕಲ್ಲಿನ ಮೇಲೋ. ಭಾವ ಮಾತ್ರ ಎಲ್ಲ ಮದುವೆ ಮುಂಜಿಗಳಲ್ಲೂ ಎಲೆಯ ಮುಂದೆ ಕೂತು ಸಮುದ್ರದ ಕಥೆ ಹೇಳುತ್ತಾರೆ. ವರ್ಷ ಕಳೆದ ಹಾಗೆ ಅಲೆ ಎತ್ತರವಾಗುತ್ತಿದೆ. ಈಚೆಗೆ ಒಂದು ಹಡಗೂ ಬಂದಿದೆ.

ಅವರು ವಾಪಸಾದ ದಿನವನ್ನು ಹೇಳಿ ಮುಗಿಸುತ್ತೇನೆ.

ಸೂತಕ ಕಳೆದು ಮನೆ ತೊಳೆದಿದ್ದೆವು. ರೇಷನ್ನಿನ ಕಾಲದಲ್ಲಿ ನಾನು ಯಾತ್ರೆ ಮುಗಿಸಿ ಬರುವ ದಿನಕ್ಕೆಂದು ಅಮ್ಮ ಎತ್ತಿಟ್ಟಿದ್ದ ಸಣ್ಣಕ್ಕಿ, ಬೆಲ್ಲ, ಬೇಳೆ ಹೊರಗೆ ಬಂದವು. ಅಳಿಯ ಯಾತ್ರೆ ಮುಗಿಸಿ ಬಂದಿದ್ದಾರೆ; ಸೈಕಲ್ಲೂ ವಿಧಿವತ್ತಾಗಿ ಮನೆಗೆ ಮರಳಿದೆ. ಲಕ್ಷ್ಮತ್ತೆ ಚಕ್ರಗಳಿಗೆ ನೀರು ಹಾಕಿ ಆರತಿ ಎತ್ತಿದರು. ಒಳಗೆ ಭಾವ ಎಲೆಯ ಮುಂದೆ ಕೂತು ಮಾತು ಶುರುಮಾಡಿದ್ದರು. ಗೌರಕ್ಕ ಬಾಗಿಲಿಗೆ ಒರಗಿ, ಬಂದ ಹೆಂಗಸರಿಗೆಲ್ಲ “ಈ ಸಲ ಮುಗಿಸ್ಕೊಂಡೇ ಬಂದ್ರು” ಅನ್ನುತ್ತಿದ್ದಳು. ಅವಳ ಅತ್ತೆಯೂ ಬಂದಿದ್ದರು. ಏನೂ ಅನ್ನದೆ ಕೂತಿದ್ದರು.

ಬಷೀರನಿಗೆ ಜಗುಲಿಯಲ್ಲಿ ಎಲೆ. ಆ ಕಾಲದ ಪದ್ಧತಿ. ಉಂಡ ಮೇಲೆ ತನ್ನ ಎಲೆಯನ್ನು ತಾನೇ ಎತ್ತಿ, ಕೂತ ಜಾಗವನ್ನು ತಾನೇ ಸಾರಿಸಿ ಹೋಗಬೇಕು. ನಾನು ಅವನಿಗೆ ಬಡಿಸಲು ಹೋದೆ. ಬಿಸಿಲಿಗೆ ಅವನ ಮೂಗಿನ ಚರ್ಮ ಸುಲಿದಿತ್ತು. ಭಾವನ ಮೂಗು ಹೊರಟಾಗ ಇದ್ದ ಹಾಗೇ ಇತ್ತು.

“ನಿಮ್ಮ ಭಾವ ಕಂಚಿ ದಾಟ್ಲಿಲ್ಲ ಕಣೋ,” ಎಂದ, ಎಲೆ ನೋಡುತ್ತಾ. “ಕಾಲು ಊದ್ಕೊಂಡ್ವು ಅಂದ್ರು. ಯಾರೋ ನೇಯೋರ ಮನೇಲಿ ಉಂಡ್ಕೊಂಡು ಮಲಗ್ಬಿಟ್ರು. ನಾನೊಬ್ನೇ ಹೋದೆ.”

“ನನ್ನ ಸೈಕಲ್ಲು?”

“ನಂದು ಅಲ್ಲೇ ಬಿಟ್ಟು ನಿಂದು ಹತ್ತಿದೆ. ನಿಂದಾದ್ರೂ ಮುಟ್ಲಿ ಅಂತ. ಗಾಲಿ ಮುಳುಗೋವರೆಗೂ ತಳ್ಕೊಂಡು ಹೋದೆ.”

ಹೇಗಿತ್ತು ಎಂದು ಕೇಳಿದೆ. “ಹೇಳಲ್ಲ. ಹೇಳಿದ್ರೆ ನಿಂಗೆ ನೋಡ್ದಂಗಾಗ್ಬಿಡ್ತದೆ,” ಅಂದ.

ಆಗ ನನಗೆ ಬಂದದ್ದು ಸಂತೋಷವಲ್ಲ, ನಿಜ ಹೇಳುತ್ತೇನೆ. ಸಿಟ್ಟು. ಸಮುದ್ರವನ್ನು ಅವನು ನೋಡಿಬಂದ, ಈ ಸುದ್ದಿಯನ್ನು ನನ್ನ ತಲೆಗೆ ಕಟ್ಟಿದ. ಒಳಗೆ ಭಾವ ಅಲೆಯ ಎತ್ತರವನ್ನು ಕೈಯೆತ್ತಿ ತೋರಿಸುತ್ತಿರುವುದು ಬಾಗಿಲಿನಿಂದ ಕಾಣುತ್ತಿತ್ತು. ಒಂದು ಮಾತು ಆಡಿದ್ದರೆ ಆ ಕೈ ಕೆಳಗಿಳಿಯುತ್ತಿತ್ತು.

“ನಂಜ, ನಿಮ್ಮ ಭಾವಂಗೆ ತುಪ್ಪ ಬಡಿಸೋ,” ಎಂದು ಗೌರಕ್ಕ ಕೂಗಿದಳು.

ಒಳಗೆ ಹೋಗಿ ಬಗ್ಗಿ ತುಪ್ಪ ಹಾಕಿದೆ. ಭಾವನ ಮಾತು ನಿಂತಿತು. ಹೊರಗೆ ನಾವಿಬ್ಬರೂ ಮಾತಾಡಿದ್ದನ್ನು ಅವರು ಕಂಡಿದ್ದರು. ಎಲೆಯ ಮೇಲಿದ್ದ ಅವರ ಬೆರಳು ಅಲ್ಲಾಡಲಿಲ್ಲ.

“ಏನಂದ ಬಷೀರ?” ಎಂದು ಕೇಳಿದರು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಅವಳ ಅತ್ತೆಯೂ ಈ ಕಡೆ ತಿರುಗಿದ್ದರು.

“ಅಲೆ ಬಲು ಜೋರಾಗಿತ್ತಂತೆ, ಭಾವ,” ಎಂದೆ.

ಭಾವ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ, “ಜೋರು ಅಂದ್ರೆ ಜೋರು,” ಎಂದು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು.

ಅವತ್ತಿನ ಊಟ ಒಬ್ಬಟ್ಟು, ಒಬ್ಬಟ್ಟಿನ ಸಾರು, ಸಣ್ಣಕ್ಕಿ ಅನ್ನ, ಹೆಸರುಬೇಳೆ ಕೋಸಂಬರಿ, ಹೀರೇಕಾಯಿ ಬಜ್ಜಿ, ಮಜ್ಜಿಗೆ. ನನ್ನ ಸರದಿ ಬರುವಷ್ಟರಲ್ಲಿ ಒಬ್ಬಟ್ಟು ಮುಗಿದು ಸಾರು ಉಳಿದಿತ್ತು. ಬಷೀರ ಎಲೆ ಎತ್ತಿ, ಜಗುಲಿ ಸಾರಿಸಿ, ನನಗೆ ಹೇಳದೆ ಹೋಗಿದ್ದ. ಎಲ್ಲರಿಗಿಂತ ಮೊದಲು ಮಲಗಿದವರು ಭಾವ. ಇನ್ನೂ ಬಿಸಿಲು ಇಳಿದಿರಲಿಲ್ಲ. ಅಕ್ಕ ಅವರ ಪಾದದ ಹತ್ತಿರ ಕೂತು, ಪಾಪ ಎಷ್ಟು ದೂರ ತುಳಿದರೋ ಎಂದು ಕಾಲು ಒತ್ತುತ್ತಿದ್ದಳು.